ಮೊದಲು ಗಿರಾಕಿ, ಆಮೇಲೆ ಪ್ಲಾನ್

"ಅಕ್ಕಾ, ಭಾನುವಾರ ಸಂಜೆ ಒಂದರ್ಧ ಗಂಟೆ ಬಿಡುವು ಮಾಡ್ಕೊಳ್ಳಿ, ಒಬ್ಬರ ಪರಿಚಯ ಮಾಡಿಸ್ಬೇಕು."

ಚೆಂಬೂರಿನ ಎಷ್ಟೋ ಕನ್ನಡ ಮನೆಗಳಿಗೆ ಡೈರೆಕ್ಟ್ ಸೆಲ್ಲಿಂಗ್ ಕಾಲಿಟ್ಟದ್ದು ಇಂಥದೊಂದು ಮಾತಿನಿಂದ. ಈ ಕರೆಯಲ್ಲಿ ಕಂಪನಿಯ ಹೆಸರಿಲ್ಲ, ಮಾರಬೇಕಾದ ವಸ್ತುವಿನ ಹೆಸರಿಲ್ಲ, ಕಟ್ಟಬೇಕಾದ ದುಡ್ಡಿನ ಸುದ್ದಿಯೂ ಇಲ್ಲ. ಏನು ವಿಷಯ ಎಂದು ಕೇಳಿದರೆ "ಫೋನಿನಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ಬನ್ನಿ, ಪ್ಲಾನ್ ನೋಡಿ" ಎಂಬ ಉತ್ತರ. ಸೀರೆ ತರಿಸಿದವರು ಸೀರೆ ಬಂದಿದೆ ಎನ್ನುತ್ತಾರೆ. ಊರಿನಿಂದ ಹಪ್ಪಳ ತಂದವರು ಹಪ್ಪಳ ಬೇಕಾ ಎಂದೇ ಕೇಳುತ್ತಾರೆ. ಹೆಸರನ್ನೇ ಮುಚ್ಚಿಟ್ಟು ಕರೆಯಬೇಕಾದ ವ್ಯಾಪಾರ ಯಾವುದು, ಯಾಕೆ ಎಂದು ಅಲ್ಲೇ ಕೇಳಬೇಕು. ಕಂಪನಿಯನ್ನು ಆರಿಸುವ ಕೆಲಸ ಆರಂಭವಾಗುವುದು ಆ ಭಾನುವಾರದ ಸಭೆಯಲ್ಲಿ ಅಲ್ಲ, ಈ ಫೋನ್ ಕರೆಯಲ್ಲಿ.

ಮನೆಯಿಂದಲೇ ನಾಲ್ಕು ಕಾಸು ದುಡಿಯಬೇಕೆಂಬ ಆಸೆ ಪ್ರಾಮಾಣಿಕವಾದದ್ದು. ಆರ್‌ಸಿಎಫ್, ಮಾಹುಲ್‌ನ ರಿಫೈನರಿಗಳು, ಅಣುಶಕ್ತಿ ನಗರದ ಬಿಎಆರ್‌ಸಿ, ಊರಿನವರ ಹೋಟೆಲುಗಳು — ಇವುಗಳ ಸಂಬಳದ ಮೇಲೆ ಚೆಂಬೂರಿನಲ್ಲಿ ನೆಲೆ ಕಂಡ ಸಂಸಾರಗಳು ಸಾಕಷ್ಟಿವೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಮಗು. ಹಾರ್ಬರ್ ಲೈನಿನ ಬೆಳಗಿನ ಲೋಕಲ್ ಹತ್ತಿ ಆಫೀಸಿಗೆ ಹೋಗಿಬರುವುದು ಎಲ್ಲ ಹೆಂಗಸರಿಗೂ ಆಗದು. ನಿವೃತ್ತರಾದ ಗಂಡಸರಿಗೂ ಹೊತ್ತು ಕಳೆಯುವುದರ ಜೊತೆಗೆ ಒಂದಿಷ್ಟು ಕೈಖರ್ಚಿಗೆ ಸಿಕ್ಕರೆ ಬೇಡ ಅನ್ನಿಸುವುದಿಲ್ಲ. ಹಾಗಾಗಿ ಇಂಥ ವ್ಯವಹಾರಕ್ಕೆ ಸೇರಿದವರನ್ನು ದುರಾಸೆಯವರು ಎಂದು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಅವರಿಗೆ ಬೇಕಿರುವುದು ಬೈಗುಳವಲ್ಲ, ಲೆಕ್ಕ ನೋಡುವ ದಾರಿ.

ಮನೆ ಬಾಗಿಲಿಗೆ ಬಂದು ಮಾರುವುದು ಮುಂಬೈಗೆ ಹೊಸದೂ ಅಲ್ಲ, ಕೀಳೂ ಅಲ್ಲ. ಹಳೆ ಬಟ್ಟೆ ಕೊಂಡು ಸ್ಟೀಲ್ ಪಾತ್ರೆ ಕೊಡುವ ಬರ್ತನ್‌ವಾಲಿಯರ ಕೂಗು ಇಲ್ಲಿನ ಕಾಲೊನಿಗಳಿಗೆ ಚಿರಪರಿಚಿತ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್, ಟೈ ಕಟ್ಟಿದ ಹುಡುಗರ ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೊಟ್ಟು ಮನೆಮನೆಗೆ ಕಳಿಸಿತು. 1996ರಲ್ಲಿ ಭಾರತಕ್ಕೆ ಬಂದ ಟಪ್ಪರ್‌ವೇರ್, ಗೆಳತಿಯರನ್ನು ಮನೆಗೆ ಕರೆದು ಡಬ್ಬಿ ತೋರಿಸುವ ಪದ್ಧತಿ ತಂದಿತು. ಆಮ್‌ವೇ 1998ರಲ್ಲಿ ಇಲ್ಲಿ ವ್ಯಾಪಾರ ಶುರುಮಾಡಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಹರ್ಬಲೈಫ್ ಇಂಡಿಯಾ, ದೆಹಲಿಯ ಮೋದಿಕೇರ್, ವೆಸ್ಟೀಜ್ — ಹೆಸರುಗಳು ಬಹಳ. ಇವುಗಳಲ್ಲಿ ಯಾವುದಕ್ಕೆ ಸೇರಬೇಕು, ಯಾವುದಕ್ಕೆ ಸೇರಬಾರದು ಎಂದು ಪಟ್ಟಿ ಮಾಡಿ ಕೊಡುವುದು ಈ ಲೇಖನದ ಕೆಲಸವಲ್ಲ. ಒಂದೇ ಕಂಪನಿಯಲ್ಲಿ ಒಬ್ಬಾಕೆ ನಿಯತ್ತಿನಿಂದ ಸಾಮಾನು ಮಾರುತ್ತಿರಬಹುದು, ಆಕೆಯ ಮೇಲಿನವರು ಜನ ಸೇರಿಸುವುದನ್ನೇ ಕಸುಬು ಮಾಡಿಕೊಂಡಿರಬಹುದು. ಆದ್ದರಿಂದ ಕಂಪನಿಯ ಹೆಸರಿಗಿಂತ ಮುಖ್ಯವಾದ ಒಂದು ಪ್ರಶ್ನೆ ಇದೆ: ನಿಮಗೆ ಬರುವ ಕಮಿಷನ್ ಯಾರ ಕಿಸೆಯಿಂದ ಬರುತ್ತದೆ?

ಉತ್ತರ ಎರಡೇ. ಒಂದು, ಈ ಸೋಪು, ಈ ಡಬ್ಬಿ, ಈ ಕ್ರೀಮು ಬೇಕು ಎಂದು ಕೊಂಡುಕೊಳ್ಳುವ, ಕಂಪನಿಗೆ ಸೇರುವ ಯೋಚನೆಯೇ ಇಲ್ಲದ ಗಿರಾಕಿಯ ಕಿಸೆಯಿಂದ. ಇನ್ನೊಂದು, ತಾನೂ ನಿಮ್ಮಂತೆ ಗಳಿಸುತ್ತೇನೆಂದು ನಂಬಿ ಸೇರಿದವರ ಕಿಸೆಯಿಂದ. ಮೊದಲನೆಯದು ವ್ಯಾಪಾರ. ಎರಡನೆಯದರಲ್ಲಿ ಹೊಸಬರು ಬರುವವರೆಗೆ ಮಾತ್ರ ದುಡ್ಡು ಓಡಾಡುತ್ತದೆ.

ಎರಡನೆಯದು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ದೊಡ್ಡ ಗಣಿತ ಬೇಡ. ಪ್ಲಾನ್ ತೋರಿಸುವವರು ಬಿಳಿ ಬೋರ್ಡಿನ ಮೇಲೆ ಆರು ವೃತ್ತ ಬರೆದು "ನೀವು ಆರು ಜನರನ್ನು ತನ್ನಿ, ಅವರು ಆರಾರು ಜನರನ್ನು ತರಲಿ" ಎನ್ನುತ್ತಾರೆ. ಹಾಗೇ ಬರೆಯುತ್ತ ಹೋಗೋಣ. 6, 36, 216, 1,296, 7,776, 46,656... ಒಂಬತ್ತನೆಯ ಸಾಲಿಗೆ ಬರುವಷ್ಟರಲ್ಲಿ ನಿಮ್ಮ ಕೆಳಗೆ ಸೇರಿದವರ ಒಟ್ಟು ಸಂಖ್ಯೆ 1,20,93,234. 2011ರ ಜನಗಣತಿಯಲ್ಲಿ ಮುಂಬೈಯ ಜನಸಂಖ್ಯೆ 1,24,42,373. ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಹೆಚ್ಚು ಕಡಿಮೆ ಇಡೀ ಮುಂಬೈ ನಿಮ್ಮೊಬ್ಬರ ಡೌನ್‌ಲೈನ್! ಹತ್ತನೆಯ ಸಾಲಿಗೆ ಮಾತ್ರ 6 ಕೋಟಿ 4 ಲಕ್ಷ ಮಂದಿ ಬೇಕು, ಅಂದರೆ ಅದೇ ಜನಗಣತಿಯ ಸುಮಾರು ಇಡೀ ಕರ್ನಾಟಕ. ಬೋರ್ಡಿನ ಮೇಲೆ ಮೂರನೆಯ ಸಾಲಿಗೇ ಬರೆಯುವುದನ್ನು ನಿಲ್ಲಿಸುವುದು ಯಾಕೆ ಎಂದು ಈಗ ತಿಳಿಯಿತಲ್ಲ. ಎಲ್ಲೇ ನಿಂತರೂ ಕೊನೆಯ ಸಾಲಿನಲ್ಲಿರುವವರು ಅವರ ಮೇಲಿನ ಎಲ್ಲ ಸಾಲುಗಳನ್ನು ಕೂಡಿಸಿದರೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರ ಕೆಳಗೆ ಯಾರೂ ಇಲ್ಲ. ಅವರಿಗೆ ಉಳಿಯುವುದು ಕೊಂಡ ಸಾಮಾನು ಮಾತ್ರ.

ಈ ವ್ಯತ್ಯಾಸವನ್ನು ನಮ್ಮ ಕಾನೂನು ಬಹಳ ಹಿಂದೆಯೇ ಗುರುತಿಸಿದೆ. 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ (ನಿಷೇಧ) ಕಾಯ್ದೆಯ ಪ್ರಕಾರ ಜನ ಸೇರಿಸುವುದರಿಂದಲೇ ದುಡ್ಡು ಬರುವ ಯೋಜನೆ ನಡೆಸುವುದು ಅಪರಾಧ. ಬಹಳ ಮಂದಿಗೆ ತಿಳಿಯದ ಸಂಗತಿ ಏನೆಂದರೆ, ಅದರಲ್ಲಿ ಸದಸ್ಯರಾಗಿ ಸೇರುವುದು, ಭಾಗವಹಿಸುವುದು ಕೂಡ ಅದೇ ಕಾಯ್ದೆಯಡಿ ಅಪರಾಧವೇ. ಮೂರು ವರ್ಷದವರೆಗೆ ಸೆರೆವಾಸ ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. "ನಾನು ಕೂಡ ಮೋಸ ಹೋದವಳೇ" ಎಂಬುದು ನಿಜವಿರಬಹುದು. ಆದರೆ ನಿಮ್ಮ ಕೈಯಿಂದ ಸೇರಿದ ಆರು ಮಂದಿ ಪೊಲೀಸ್ ಠಾಣೆಗೆ ಹೋದರೆ ಬರೆಸುವುದು ಅವರಿಗೆ ಗೊತ್ತಿರುವ ಒಂದೇ ಹೆಸರನ್ನು. ಅದು ನಿಮ್ಮದು.

ಮುಂಬೈ ಇದನ್ನೆಲ್ಲ ಹತ್ತಿರದಿಂದ ಕಂಡ ಊರು. 2011ರಲ್ಲಿ ಸ್ಪೀಕ್ ಏಷ್ಯಾ ಎಂಬ ಕಂಪನಿಯ ವ್ಯವಹಾರ ಕುಸಿದು ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗದ ತನಿಖೆಗೆ ಬಂತು. 11,000 ರೂಪಾಯಿ ಕಟ್ಟಿ, ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ವಾರಕ್ಕೆ ಎರಡು ಸಮೀಕ್ಷೆ ತುಂಬಿದರೆ ಸಾವಿರ ರೂಪಾಯಿ ಎಂಬುದು ಅದು ತೋರಿಸಿದ ಆಸೆ. ಅಲ್ಲಿ ಗಿರಾಕಿ ಎಂಬುವವನೇ ಕಾಣುತ್ತಿರಲಿಲ್ಲ. 2013ರಲ್ಲಿ ಕ್ಯೂನೆಟ್ ವ್ಯವಹಾರದ ಮೇಲೂ ಇದೇ ವಿಭಾಗದಲ್ಲಿ ಪ್ರಕರಣ ದಾಖಲಾಯಿತು. ಆರೋಪಗಳನ್ನು ಕಂಪನಿ ಅಲ್ಲಗಳೆದಿದೆ. ಇನ್ನು 2025ರ ಜನವರಿಯಲ್ಲಿ ದಾದರ್‌ನ ಟೋರೆಸ್ ಎಂಬ ಮಳಿಗೆಯ ಮುಂದೆ ದುಡ್ಡು ಕಳೆದುಕೊಂಡು ನೆರೆದ ಜನಸಾಗರವನ್ನು ಟಿವಿಯಲ್ಲಿ ಕಾಣದವರಿಲ್ಲ. ಮೊಯ್ಸನೈಟ್ ಹರಳು ಕೊಂಡರೆ ವಾರವಾರವೂ ಹಣ, ಇನ್ನೊಬ್ಬರನ್ನು ಕರೆತಂದರೆ ಬೋನಸ್. ಅದು ತನ್ನನ್ನು ಡೈರೆಕ್ಟ್ ಸೆಲ್ಲಿಂಗ್ ಎಂದು ಕರೆದುಕೊಂಡಿರಲಿಲ್ಲ, ನಿಜ. ಆದರೆ ಹರಳು ಅಲ್ಲಿ ನೆಪ. ಹರಳಿನ ಆಸೆಗೆ ಯಾರೂ ಬಂದಿರಲಿಲ್ಲ, ವಾರದ ಕಂತಿನ ಆಸೆಗೆ ಬಂದಿದ್ದರು. ದುಡ್ಡು ಕಳೆದುಕೊಂಡವರಲ್ಲಿ ದಾದರ್ ಮಾರ್ಕೆಟ್‌ನ ತರಕಾರಿ ಮಾರುವವರೂ ಇದ್ದರು.

ಹೆಸರಾಂತ ಕಂಪನಿಯಾದರೆ ಈ ಪ್ರಶ್ನೆ ಏಳುವುದಿಲ್ಲ ಎಂದುಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಆಮ್‌ವೇ ಇಂಡಿಯಾದ 757.77 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ಜಪ್ತಿ ಮಾಡಿತು. 2002-03ರಿಂದ 2021-22ರವರೆಗೆ ಕಂಪನಿ 27,562 ಕೋಟಿ ಸಂಗ್ರಹಿಸಿ, ಅದರಲ್ಲಿ 7,588 ಕೋಟಿಯನ್ನು ಭಾರತ ಮತ್ತು ಅಮೆರಿಕದ ವಿತರಕರು, ಸದಸ್ಯರಿಗೆ ಕಮಿಷನ್ನಾಗಿ ಕೊಟ್ಟಿದೆ, ಅದಕ್ಕಾಗಿಯೇ ವಸ್ತುಗಳ ಬೆಲೆ ವಿಪರೀತ ಎಂಬುದು ನಿರ್ದೇಶನಾಲಯದ ಆರೋಪ. ಇದು 2011ರ ತನಿಖೆಗೆ ಸಂಬಂಧಿಸಿದ್ದು, ತಾವು ಸಹಕರಿಸುತ್ತಿದ್ದೇವೆ ಎಂದು ಕಂಪನಿ ಹೇಳಿತು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಮನೆಯಾಕೆ ಈ ಅಂಕಿಗಳಿಂದ ಕಲಿಯಬೇಕಾದ್ದು ಬೆಲೆಯ ವಿಷಯ. ಮೇಲಿನ ಹತ್ತು ಮಂದಿಗೆ ಹಂಚಬೇಕಾದ ಕಮಿಷನ್ನು ಆ ಟೂತ್‌ಪೇಸ್ಟಿನ ಬೆಲೆಯೊಳಗೇ ಕೂತಿರುತ್ತದೆ.

ಬೆಲೆಯನ್ನು ಚೆಂಬೂರಿನಲ್ಲೇ ಪರೀಕ್ಷಿಸಬಹುದು. ಕಂಪನಿಯ ಕ್ಯಾಟಲಾಗ್ ಹಿಡಿದು ಸ್ಟೇಷನ್ ಬಳಿಯ ಮಾರ್ಕೆಟ್ಟಿಗೆ ಹೋಗಿ, ಅದೇ ತೂಕದ, ಅಷ್ಟೇ ಒಳ್ಳೆಯ ವಸ್ತು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಪಕ್ಕದಲ್ಲೇ ಬರೆದುಕೊಳ್ಳಿ. "ನಮ್ಮದು ಕಾನ್ಸಂಟ್ರೇಟ್, ಒಂದು ಮುಚ್ಚಳ ಹಾಕಿದ್ರೆ ಸಾಕು" ಎನ್ನುತ್ತಾರಲ್ಲ, ಅದನ್ನೂ ನಂಬಿ, ಆದರೆ ಒಂದು ತಿಂಗಳು ಬಳಸಿ, ಬಾಟಲಿ ಎಷ್ಟು ದಿನ ಬಂತು ಎಂದು ಗುರುತು ಹಾಕಿ. ಆಮೇಲೂ ಅಂಗಡಿಯದ್ದಕ್ಕಿಂತ ದುಬಾರಿ ಎನ್ನಿಸಿದರೆ ನಿಮ್ಮ ಪಕ್ಕದ ಮನೆಯವರಿಗೂ ಹಾಗೇ ಅನ್ನಿಸುತ್ತದೆ. ಅವರು ಮೊದಲ ಸಲ ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ. ಎರಡನೆಯ ಸಲ ಕಾಲಿಂಗ್ ಬೆಲ್ ಒತ್ತಿದರೆ ಮ್ಯಾಜಿಕ್ ಐಯಿಂದ ನೋಡಿ ಸುಮ್ಮನಾಗುತ್ತಾರೆ. ನೀವು ಕೇಳದೆಯೇ ಮೂರನೆಯ ಬಾರಿ ತರಿಸಿಕೊಳ್ಳುವ ಗಿರಾಕಿ ಎಷ್ಟು ಮಂದಿ ಎಂಬುದರ ಮೇಲೆ ಇಡೀ ವ್ಯಾಪಾರ ನಿಂತಿದೆ.

ಸಂಪಾದನೆಯ ಲೆಕ್ಕವನ್ನೂ ಹೀಗೇ ಕೂತು ಹಾಕಬೇಕು. 600 ರೂಪಾಯಿ ಎಂಆರ್‌ಪಿಯ ವಸ್ತು ನಿಮಗೆ 480ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದಕ್ಕೆ 120 ಉಳಿತಾಯ. ತಿಂಗಳಿಗೆ 6,000 ರೂಪಾಯಿ ಬರಬೇಕಾದರೆ 50 ಮಾರಬೇಕು. ಒಂದು ಮನೆಗೆ ಎರಡು ತಿಂಗಳಿಗೊಂದು ಸಾಕಾಗುವ ವಸ್ತುವಾದರೆ ನೂರು ಮನೆಗಳು ಬೇಕು. ಬರೀ ಪರಿಚಯದ ಮನೆಗಳಲ್ಲ, ತಪ್ಪದೆ ಕೊಳ್ಳುವ ಮನೆಗಳು. ಪೂರ್ತಿ ಎಂಆರ್‌ಪಿ ಕೊಡದೆ "ನಮಗೂ ಡಿಸ್ಕೌಂಟ್ ಕೊಡಿ" ಎನ್ನುವ ಗೆಳತಿಯರು ಇದ್ದೇ ಇರುತ್ತಾರೆ. ರಿಕ್ಷಾ ಖರ್ಚು, ಫೋನಿನ ರೀಚಾರ್ಜು, ಸೆಮಿನಾರಿನ ಟಿಕೆಟ್ಟು, ಅಲ್ಲಿ ಕೊಳ್ಳಲೇಬೇಕೆಂದು ಹೇಳುವ ಪುಸ್ತಕ ಎಲ್ಲವನ್ನೂ ಇದರಿಂದಲೇ ಕಳೆಯಬೇಕು. ಇಷ್ಟಾದರೂ ಕೈಗೆ ಮೂರು ನಾಲ್ಕು ಸಾವಿರ ಉಳಿದರೆ ಅದು ಮರ್ಯಾದೆಯ ದುಡಿಮೆ, ಸಂತೋಷದಿಂದ ಮಾಡಿ.

ಹೆಚ್ಚಿನವರ ಲೆಕ್ಕ ತಪ್ಪುವುದು "ಆಕ್ಟಿವ್" ಎಂಬ ಒಂದು ಮಾತಿನಲ್ಲಿ. ತಿಂಗಳಿಗೆ ಇಷ್ಟು ಪಾಯಿಂಟ್‌ನಷ್ಟು ಸಾಮಾನು ಕೊಂಡರೆ ಮಾತ್ರ ಕಮಿಷನ್, ಇಲ್ಲದಿದ್ದರೆ ಆ ತಿಂಗಳ ಪಾಲು ಇಲ್ಲ. 4,000 ರೂಪಾಯಿಯ ಸಾಮಾನು ನೀವೇ ಕೊಂಡಿರಿ, ಶೇ. 8ರಂತೆ 320 ರೂಪಾಯಿ ನಿಮ್ಮ ಖಾತೆಗೆ ಬಂತು ಎನ್ನೋಣ. ಬ್ಯಾಂಕಿನಿಂದ ಮೆಸೇಜ್ ಬಂದಾಗ ಖುಷಿಯಾಗುತ್ತದೆ. ಆದರೆ ಅದೇ ಸಾಮಾನು ಅಂಗಡಿಯಲ್ಲಿ 2,400ಕ್ಕೆ ಸಿಗುತ್ತಿದ್ದರೆ ಆ ತಿಂಗಳು ನಿಮಗೆ ಬಂದದ್ದು 320 ಅಲ್ಲ, ಹೋದದ್ದು 1,280. ವರ್ಷಕ್ಕೆ ಹದಿನೈದು ಸಾವಿರದ ಮೇಲಾಯಿತು. ಪಾಯಿಂಟ್ ತುಂಬಿಸಲು ತರಿಸಿದ ಡಬ್ಬಿಗಳು ದಿವಾನಿನ ಕೆಳಗೆ, ಅಟ್ಟದ ಮೇಲೆ, ಕೊನೆಗೆ ದೇವರ ಕೋಣೆಯ ಮೂಲೆಯಲ್ಲಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಆ ಜಾಗಕ್ಕೂ ಬೆಲೆ ಇದೆ, ಮನೆಯವರ ಮಾತಿಗೂ. ತಿಂಗಳ ಖರೀದಿಯ ಷರತ್ತು ಇರುವ ಕಂಪನಿಯನ್ನು ಮನೆ ವ್ಯಾಪಾರಕ್ಕೆ ಆರಿಸಬೇಡಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಆ ಷರತ್ತಿನಲ್ಲಿ ಮಾರುವವರಾಗಿ ಸೇರಿದ ನೀವೇ ಕಂಪನಿಯ ಗಿರಾಕಿಯಾಗಿಬಿಡುತ್ತೀರಿ.

ಸಭೆಯಲ್ಲಿ ತೋರಿಸುವ ಚೆಕ್ಕು, ಕಾರು, ವಿದೇಶ ಪ್ರವಾಸದ ಫೋಟೋಗಳ ಬಗ್ಗೆ ಎರಡು ಮಾತು. ಅವು ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅವು ತುದಿಯವರವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳು ತಾವಾಗಿಯೇ ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿದರು. ಆ ವಿವರಗಳ ಪ್ರಕಾರ ಬಹುಪಾಲು ಮಂದಿಯ ವರ್ಷದ ಗಳಿಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ, ತಿಂಗಳಿಗೆ 84 ಡಾಲರ್ ಕೂಡ ಇಲ್ಲ. ಅದು ಖರ್ಚು ಕಳೆಯುವ ಮುಂಚಿನ ಮೊತ್ತ. ಡೈರೆಕ್ಟ್ ಸೆಲ್ಲಿಂಗ್ ಹುಟ್ಟಿ ಬೆಳೆದ ದೇಶದ ಸ್ಥಿತಿ ಇದು. ಅದೇ ಕಮಿಷನ್ 1979ರಲ್ಲಿ ಆಮ್‌ವೇಯನ್ನು ಜನ ಸೇರಿಸಿಯೇ ದುಡ್ಡು ಮಾಡುವ ಪಿರಮಿಡ್ ಯೋಜನೆ ಅಲ್ಲ ಎಂದು ಬಿಟ್ಟದ್ದು ಮೂರು ಕಟ್ಟುಪಾಡುಗಳನ್ನು ನೋಡಿ: ಬಿಟ್ಟುಹೋಗುವವರ ಸಾಮಾನನ್ನು ವಾಪಸ್ ಕೊಳ್ಳಬೇಕು, ಕೊಂಡದ್ದರಲ್ಲಿ ಶೇ. 70 ಮಾರಾಟವಾದ ಮೇಲೆಯೇ ಬೋನಸ್, ತಿಂಗಳಿಗೆ ಹತ್ತು ಮಂದಿ ಗಿರಾಕಿಗಳಿಗಾದರೂ ಮಾರಿರಬೇಕು. 2016ರಲ್ಲಿ ಹರ್ಬಲೈಫ್ ಅಲ್ಲಿ 20 ಕೋಟಿ ಡಾಲರ್ ಕೊಟ್ಟು, ಕಮಿಷನ್ನಿನ ಮೂರನೇ ಎರಡು ಪಾಲು ನಿಜವಾದ ಗಿರಾಕಿಗಳಿಗಾದ ಮಾರಾಟದ ಮೇಲೆಯೇ ಇರಬೇಕೆಂದು ಒಪ್ಪಿಕೊಳ್ಳಬೇಕಾಯಿತು. ನಿಮ್ಮನ್ನು ಕರೆದವರ ಬಳಿ ಇದನ್ನೇ ಕೇಳಿ: ನಿಮ್ಮ ಹೋದ ತಿಂಗಳ ಗಳಿಕೆಯಲ್ಲಿ ಕಂಪನಿಗೆ ಸೇರದವರಿಗೆ ಮಾರಿದ್ದರಿಂದ ಬಂದದ್ದೆಷ್ಟು? ಬಿಲ್ ತೋರಿಸುತ್ತೀರಾ? ಮುಖ ಕೆಂಪಗಾದರೆ ಉತ್ತರ ಸಿಕ್ಕಿತು.

ಕಾಗದಪತ್ರಗಳಿಗೆ ಬರೋಣ. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿತು. 2021ರ ಡಿಸೆಂಬರ್ 28ರಂದು ಗ್ರಾಹಕ ಸಂರಕ್ಷಣೆ (ಡೈರೆಕ್ಟ್ ಸೆಲ್ಲಿಂಗ್) ನಿಯಮಗಳು ಬಂದವು. ಕಂಪನಿ ಭಾರತದಲ್ಲಿ ನೋಂದಣಿಯಾಗಿ, ಇಲ್ಲೇ ಒಂದು ಕಚೇರಿ ಹೊಂದಿರಬೇಕು. ಮಾರುವವರೊಂದಿಗೆ ಮುಂಚಿತವಾಗಿ ಲಿಖಿತ ಒಪ್ಪಂದ ಇರಬೇಕು. ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಕೆಲಸದ ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಕೂಲಿಂಗ್ ಆಫ್ ಎಂಬ ಅವಧಿಯೊಳಗೆ ದಂಡವಿಲ್ಲದೆ ಒಪ್ಪಂದ ಮುರಿದುಕೊಳ್ಳುವ ಹಕ್ಕಿದೆ. "ಇನ್ನಿಬ್ಬರನ್ನು ತಂದರೆ ನಿಮ್ಮ ದುಡ್ಡು ವಾಪಸ್ ಬರುತ್ತೆ" ಎಂದು ಹೇಳಿ ಮಾರುವುದಕ್ಕೆ ನಿಯಮದಲ್ಲೇ ನಿಷೇಧವಿದೆ. ಮಾರುವವರಿಗೂ ಕರ್ತವ್ಯಗಳಿವೆ: ಗುರುತಿನ ಚೀಟಿ ಇಟ್ಟುಕೊಂಡಿರಬೇಕು, ಮೊದಲೇ ಕೇಳದೆ ಯಾರ ಮನೆಗೂ ಹೋಗಬಾರದು. 2016ರ ಮಾರ್ಗಸೂಚಿಯ ಪ್ರಕಾರ ಸೇರಲು ಶುಲ್ಕ ಇರಕೂಡದು, ಮಾರಾಟವಾಗದೆ ಉಳಿದ ಒಳ್ಳೆಯ ಸಾಮಾನನ್ನು ಕಂಪನಿ ವಾಪಸ್ ಕೊಳ್ಳಬೇಕು.

ಇವನ್ನು ಓದುವುದಕ್ಕಿಂತ ಮುಖ್ಯ, ನಿಮ್ಮ ಕೈಗೆ ಕೊಟ್ಟ ಒಪ್ಪಂದದಲ್ಲಿ ಇವು ಎಲ್ಲಿವೆ ಎಂದು ಹುಡುಕುವುದು. ಕೂಲಿಂಗ್ ಆಫ್ ಎಷ್ಟು ದಿನ? ವಾಪಸ್ ಕೊಟ್ಟರೆ ನೂರಕ್ಕೆ ಎಷ್ಟು ಸಿಗುತ್ತದೆ, ಸೀಲ್ ಒಡೆದಿದ್ದರೆ ಏನು, ಕಳಿಸುವ ಖರ್ಚು ಯಾರದು? ಬರಹದಲ್ಲಿ ಇಲ್ಲದ್ದು ಬಾಯಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಯಾವಾಗ ನೋಂದಣಿಯಾಯಿತು, ಕಚೇರಿ ಎಲ್ಲಿ, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಎಂದು ಕಾಣುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಒಂದು ಎಚ್ಚರ: ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ, ಪ್ಯಾನ್ ಕಾರ್ಡುಗಳನ್ನು ಸಾಲಾಗಿ ಪರದೆಯ ಮೇಲೆ ತೋರಿಸಿ "ಸರಕಾರದ ಮಾನ್ಯತೆ ಇದೆ" ಎನ್ನುವವರಿದ್ದಾರೆ. ಗಲ್ಲಿಯ ಕಿರಾಣಿ ಅಂಗಡಿಗೂ ಇವು ಇರುತ್ತವೆ. ಪ್ಲಾನ್ ಒಳ್ಳೆಯದೆಂದು ಸರಕಾರ ಸಹಿ ಹಾಕಿದೆ ಎಂಬ ಅರ್ಥ ಇವಕ್ಕಿಲ್ಲ.

ಆರೋಗ್ಯದ ಪುಡಿ, ಗುಳಿಗೆ, ಜ್ಯೂಸ್ ಮಾರುವವರಿಗೆ ಪ್ರತ್ಯೇಕವಾಗಿ ಹೇಳಲೇಬೇಕು. ಈ ವ್ಯಾಪಾರದಲ್ಲಿ ಲಾಭ ಹೆಚ್ಚು, ಅಪಾಯವೂ ಹೆಚ್ಚು. ಆಹಾರ ಪೂರಕಗಳನ್ನು ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಇದರಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಪ್ರಚಾರ ಮಾಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಅಪರಾಧ. ಕಂಪನಿಯ ಡಬ್ಬಿಯ ಮೇಲೆ ಅಂಥ ಮಾತು ಮುದ್ರಿಸಿರುವುದಿಲ್ಲ. ವಾಟ್ಸಾಪಿನಲ್ಲಿ, ಸಭೆಯಲ್ಲಿ, ನಿಮ್ಮ ಬಾಯಲ್ಲಿ ಹೇಳಿಸುತ್ತಾರೆ. ಕಟ್ಟಡದ ಅಜ್ಜಿಯೊಬ್ಬರು ನಿಮ್ಮನ್ನು ಮಗಳಂತೆ ನಂಬಿ ಡಾಕ್ಟರ್ ಬರೆದ ಗುಳಿಗೆ ನಿಲ್ಲಿಸಿ ಈ ಪುಡಿ ಕುಡಿಯತೊಡಗಿದರೆ ಅದರ ಹೊಣೆಯನ್ನು ನಿಮ್ಮನ್ನು ಸೇರಿಸಿದ ಯಾವ ಅಪ್‌ಲೈನೂ ಹೊರುವುದಿಲ್ಲ. ಮನೆಯಿಂದ ವ್ಯಾಪಾರ ಮಾಡುವವರು ಪಾತ್ರೆ, ಬಟ್ಟೆ, ಸೌಂದರ್ಯ ಸಾಧನ, ಮನೆ ಸ್ವಚ್ಛತೆಯ ವಸ್ತುಗಳಂಥವನ್ನೇ ಆರಿಸಿಕೊಳ್ಳುವುದು ಮೇಲು.

ಚೆಂಬೂರಿನ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಪರವೂರಿನಲ್ಲಿ ನಾವು ಬದುಕಿದ್ದು ಒಬ್ಬರನ್ನೊಬ್ಬರು ಹಿಡಿದುಕೊಂಡು. ಚೆಂಬೂರು ಕರ್ನಾಟಕ ಸಂಘದ ಕಾರ್ಯಕ್ರಮ, ಛೆಡ್ಡಾ ನಗರದ ಸುಬ್ರಹ್ಮಣ್ಯ ಮಠದ ಉತ್ಸವ, ಜಾತಿ ಸಂಘಗಳ ವಾರ್ಷಿಕ ಸಭೆ, ಹೆಂಗಸರ ಭಿಶಿ, ಅರಸಿನ ಕುಂಕುಮ, ಮುಂಬೈಗೆ ಬಂದ ಯಕ್ಷಗಾನದ ಮೇಳ — ಎಲ್ಲಿ ಹೋದರೂ ಅವೇ ಮುಖಗಳು. ಮಗಳಿಗೆ ಗಂಡು ನೋಡುವುದು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವುದು, ಊರಿಗೆ ಹೋಗುವಾಗ ಮನೆಯ ಬೀಗದಕೈ ಕೊಡುವುದು ಎಲ್ಲವೂ ಇವರೊಂದಿಗೇ. ಡೈರೆಕ್ಟ್ ಸೆಲ್ಲಿಂಗ್‌ನ ಮೊದಲ ಪಾಠವೋ "ಪರಿಚಯದ ನೂರು ಹೆಸರು ಬರೆಯಿರಿ" ಎಂಬುದು. ಆ ನೂರು ಹೆಸರು ನಮ್ಮಲ್ಲಿ ಇವರದ್ದೇ. ಸಾಮಾನನ್ನು ಕಂಪನಿ ವಾಪಸ್ ಕೊಳ್ಳಬಹುದು, ಈ ನಂಟನ್ನು ಯಾವ ಒಪ್ಪಂದವೂ ವಾಪಸ್ ಕೊಡಿಸುವುದಿಲ್ಲ. ದುಡ್ಡು ಹೋದ ಮನೆಗಳು ಮತ್ತೆ ತಲೆಯೆತ್ತುತ್ತವೆ. ಆದರೆ "ನಿನ್ನ ಮಾತು ಕೇಳಿ ಕಟ್ಟಿದೆ" ಎಂದು ಒಬ್ಬರು ಹೇಳಿದ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತದೆ. ಮಾತಿಲ್ಲದ ಮನೆಗಳು ನಮ್ಮ ಸೊಸೈಟಿಗಳಲ್ಲಿ ಕಡಿಮೆಯೇನಿಲ್ಲ.

ಇದಕ್ಕೆ ನಾನು ಹೇಳುವ ದಾರಿ ಒಂದಿದೆ. ಯಾವ ಕಂಪನಿಯನ್ನೇ ಆರಿಸಿ, ಮೊದಲ ಮೂರು ತಿಂಗಳು ಯಾರನ್ನೂ ಸೇರಿಸಬೇಡಿ. ವಸ್ತುವನ್ನು ಮಾತ್ರ ಮಾರಿ. ಅದೂ ಅರ್ಧಕ್ಕರ್ಧ ಸಂಬಂಧಿಕರಲ್ಲದವರಿಗೆ: ನಮ್ಮವರಲ್ಲದ ಮರಾಠಿ, ಸಿಂಧಿ, ತಮಿಳು ಮನೆಗಳಿಗೆ. ಚೆಂಬೂರಿನಲ್ಲಿ ಅವರಿಗೇನೂ ಕೊರತೆಯಿಲ್ಲ, ಮುಲಾಜಿಗಾಗಿ ಅವರು ಕೊಳ್ಳುವುದೂ ಇಲ್ಲ. ಮೂರು ತಿಂಗಳಾದ ಮೇಲೆ ವಹಿ ತೆರೆದು ನೋಡಿ. ಅವರೆಲ್ಲ ಮತ್ತೆ ಮತ್ತೆ ಕೊಂಡಿದ್ದರೆ ನಿಮ್ಮ ಆಯ್ಕೆ ಸರಿಯಾಗಿದೆ. ಹೀಗೆ ಮಾಡುತ್ತೇನೆಂದು ನಿಮ್ಮ ಅಪ್‌ಲೈನ್‌ಗೆ ಮೊದಲೇ ಹೇಳಿನೋಡಿ. "ಒಳ್ಳೆಯದು, ನಿಧಾನವಾಗಿ ಮಾಡಿ" ಎಂದರೆ ಅವರೊಂದಿಗೆ ಕೆಲಸ ಮಾಡಬಹುದು. "ಹಾಗೆ ಮಾಡಿದ್ರೆ ಡೈಮಂಡ್ ಮಟ್ಟಕ್ಕೆ ಏರೋದು ಯಾವಾಗ?" ಎಂದರೆ ಅವರಿಗೆ ಬೇಕಿರುವುದು ನಿಮ್ಮ ಮಾರಾಟವಲ್ಲ.

ಕಂಪನಿ ಹಳೆಯದು, ವಸ್ತು ಒಳ್ಳೆಯದು ಎಂಬುದೂ ಪೂರ್ತಿ ರಕ್ಷಣೆಯಲ್ಲ. 1951ರಿಂದ ಅಂಗಡಿ ಬಿಟ್ಟು ಮನೆಯ ಪಾರ್ಟಿಗಳಲ್ಲೇ ಮಾರಿ ಲೋಕವಿಖ್ಯಾತವಾದ ಟಪ್ಪರ್‌ವೇರ್‌ನ ಮಾತೃಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದೇ ಕಂಪನಿಯನ್ನು ನಂಬಿ ಸಾಲ ಮಾಡಿ ಸರಕು ತುಂಬಿಸಬಾರದು ಎನ್ನುವುದಕ್ಕೆ ಇಷ್ಟು ಸಾಕು. ಕೈಯಲ್ಲಿರುವ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟೇ ತನ್ನಿ. ಚಿನ್ನ ಅಡವಿಟ್ಟು ಸೇರಿ ಎನ್ನುವವರಿಗೆ ಬಾಗಿಲು ತೋರಿಸಿ.

ಮನೆಯಿಂದ ದುಡಿಯಲು ಡೈರೆಕ್ಟ್ ಸೆಲ್ಲಿಂಗ್ ಒಂದೇ ದಾರಿಯಲ್ಲ ಎಂಬುದನ್ನು ಹೋಲಿಸಿ ನೋಡಲಾದರೂ ಮರೆಯಬಾರದು. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತದ್ದೇ ಲಿಜ್ಜತ್ ಆಯಿತು. ಅಲ್ಲಿ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ, ತೂಕಕ್ಕೆ ಕೂಲಿ ಪಡೆಯುವ ಹೆಂಗಸು ಸಂಸ್ಥೆಯ ಒಡತಿಯೂ ಹೌದು. ಕೂಲಿಗಾಗಿ ಆಕೆ ಇನ್ನಾರನ್ನೂ ಸೇರಿಸಬೇಕಿಲ್ಲ. 1972ರಿಂದ ಇರುವ ಮಹಿಳಾ ಪ್ರಧಾನ್ ಕ್ಷೇತ್ರೀಯ ಬಚತ್ ಯೋಜನೆಯ ಏಜೆಂಟರು ಮನೆಮನೆಯಿಂದ ಅಂಚೆ ಕಚೇರಿಯ ಆರ್‌ಡಿ ಕಂತು ಸಂಗ್ರಹಿಸಿ ಶೇ. 4 ಕಮಿಷನ್ ಪಡೆಯುತ್ತಾರೆ. ಐದು ಸಾವಿರ ಕಟ್ಟುವ ಮನೆಯಿಂದ ತಿಂಗಳಿಗೆ 200 ರೂಪಾಯಿ. ಒಂದು ಡಬ್ಬಿಯನ್ನೂ ಕೊಳ್ಳಬೇಕಿಲ್ಲ, ಹಣ ಕಟ್ಟಿದವರಿಗೆ ಅವರ ಹಣ ಬಡ್ಡಿಯೊಂದಿಗೆ ಬರುತ್ತದೆ. ಎಲ್‌ಐಸಿ ಏಜೆನ್ಸಿಯೂ ಹೀಗೇ. ಇವುಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಕಂಪನಿಯ ಪ್ಲಾನ್ ಇನ್ನೂ ಲಾಭದ್ದು ಎನ್ನಿಸಿದರೆ ಆಗ ಸಹಿ ಹಾಕಿ.

ಈಗಾಗಲೇ ಸೇರಿ, ಸಾಮಾನು ತುಂಬಿಸಿಕೊಂಡು, ಯಾರಿಗೂ ಹೇಳಲಾಗದೆ ಕೂತವರೂ ಇದನ್ನು ಓದುತ್ತಿರಬಹುದು. ನಾಚಿಕೆಪಡುವಂಥದ್ದೇನೂ ಇಲ್ಲ. ಇವತ್ತಿನಿಂದ ಹೊಸ ಖರೀದಿ ನಿಲ್ಲಿಸಿ. ಒಡೆಯದ ಡಬ್ಬಿಗಳ ಪಟ್ಟಿ, ಬಿಲ್ಲು, ಅವುಗಳ ಮೇಲಿನ ದಿನಾಂಕ ಬರೆದು, ಒಪ್ಪಂದ ರದ್ದು ಮಾಡಿ ಸಾಮಾನು ವಾಪಸ್ ಪಡೆಯಿರಿ ಎಂದು ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಪತ್ರವನ್ನು ಅಪ್‌ಲೈನ್‌ನ ಕೈಗೆ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸ್ವಂತ ಬಳಕೆಗೆ ಕೊಂಡ ಸಾಮಾನಿನ ಬಗ್ಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಾರಲೆಂದು ಕೊಂಡದ್ದು ಗ್ರಾಹಕ ಕಾಯ್ದೆಯಲ್ಲಿ ಸುಲಭವಾಗಿ ನಿಲ್ಲುವುದಿಲ್ಲ, ಅದಕ್ಕೆ ವಕೀಲರ ಸಲಹೆ ಬೇಕು. ಸಾಮಾನೇ ಇಲ್ಲದೆ, ಜನ ಸೇರಿಸುವುದಕ್ಕೇ ದುಡ್ಡು ಕಟ್ಟಿಸಿಕೊಂಡಿದ್ದರೆ ನೇರವಾಗಿ ಪೊಲೀಸರಿಗೆ ದೂರು ಕೊಡಿ. ಬರೆದ ಪತ್ರದ ಒಂದು ಪ್ರತಿಯನ್ನು ನಿಮ್ಮಿಂದ ಸೇರಿದವರಿಗೂ ಅದೇ ದಿನ ತಲುಪಿಸಿ. ಅವರಲ್ಲಿ ಕೆಲವರ ಕೂಲಿಂಗ್ ಆಫ್ ಅವಧಿ ಇನ್ನೂ ಮುಗಿದಿರಲಿಕ್ಕಿಲ್ಲ.